ಕಾಫಿ ದರ ನೋಡುವುದು, ರೂಮ್ ಕ್ಯಾಲೆಂಡರ್ ಮುಚ್ಚುವುದು: ಎಐ ಏಜೆಂಟ್‌ಗೆ ಬಿಡಬಹುದಾ?

ನೀವು ಕೇಳಿದ್ದು ಇಷ್ಟು: ಸೋಮವಾರಪೇಟೆ ಕಡೆ ತೋಟ, ಜೊತೆಗೊಂದು ಹೋಮ್‌ಸ್ಟೇ. ದಿನಾ ಕಾಫಿ, ಕಾಳುಮೆಣಸಿನ ದರ ನೋಡಬೇಕು. ರೂಮ್ ತುಂಬಿದ ದಿನಗಳನ್ನು ಎರಡು ಬುಕಿಂಗ್ ಸೈಟ್‌ಗಳಲ್ಲಿ ಮುಚ್ಚಬೇಕು. ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್ ನಡೆಸುವ ಕಿಟಕಿ) ಟೂಲ್ ಕೊಟ್ಟು ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ) ಕೈಲಿ ಇದನ್ನು ಮಾಡಿಸಬಹುದಾ ಅಂತ.

ಮಾಡಿಸಬಹುದು. ಗೋಣಿಕೊಪ್ಪದ ಹತ್ತಿರ ನಾನು ಇದೇ ಎರಡು ಕೆಲಸ ಮಾಡಿಸುತ್ತಿದ್ದೇನೆ. ದರದ ಕೆಲಸ ಧೈರ್ಯವಾಗಿ ಬಿಡಿ. ಕ್ಯಾಲೆಂಡರ್ ಮಾತ್ರ ಹಾಗೆ ಬಿಡಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಬಳಸುವುದು ಮೈಕ್ರೋಸಾಫ್ಟ್‌ನ ಪ್ಲೇರೈಟ್, ಬ್ರೌಸರನ್ನು ಕಮಾಂಡ್‌ನಿಂದ ನಡೆಸುವ ಟೂಲ್. ಉಚಿತ. ಟರ್ಮಿನಲ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಬ್ರೌಸರ್ ತೆರೆಯುತ್ತದೆ, ಇನ್ನೊಂದು ಕೊಟ್ಟರೆ ಪುಟದ ಸ್ನ್ಯಾಪ್‌ಶಾಟ್ ಸಿಗುತ್ತದೆ. ಇದು ಫೋಟೋ ಅಲ್ಲ. ಪುಟದಲ್ಲಿರುವ ಬಟನ್, ಲಿಂಕ್, ಬಾಕ್ಸ್‌ಗಳ ಪಟ್ಟಿ, ಬರೀ ಅಕ್ಷರದಲ್ಲಿ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುತ್ತದಲ್ವಾ, ಹೆಚ್ಚುಕಡಿಮೆ ಅದೇ ಮಾಹಿತಿ. ಒಂದೊಂದಕ್ಕೂ ಇ5, ಇ12 ಅಂತ ಗುರುತು ಇರುತ್ತದೆ. ಏಜೆಂಟ್ ‘ಇ12 ಕ್ಲಿಕ್ ಮಾಡು’ ಅನ್ನುತ್ತದೆ, ಅಷ್ಟೇ. ಸ್ಕ್ರೀನ್‌ಶಾಟ್ ನೋಡಿ ಬಟನ್ ಎಲ್ಲಿದೆ ಅಂತ ಅಂದಾಜು ಮಾಡುವ ರಗಳೆ ಇಲ್ಲ. ಪಟ್ಟಿಯನ್ನು ಫೈಲ್‌ಗೆ ಬರೆಸಿಟ್ಟರೆ ಏಜೆಂಟ್ ಬೇಕಾದ ಸಾಲು ಮಾತ್ರ ಓದುತ್ತದೆ, ಟೋಕನ್ (ಎಐ ಓದುವ, ಬರೆಯುವ ಪಠ್ಯದ ಅಳತೆ, ದುಡ್ಡು ಇದರ ಲೆಕ್ಕದಲ್ಲಿ) ಖರ್ಚೂ ಕಡಿಮೆ.

ಆದರೆ ದಿನಾ ಏಜೆಂಟ್ ಓಡಿಸಬೇಡಿ. ಸುಮ್ನೆ ದುಡ್ಡು ದಂಡ. ಒಂದು ಸಲ ಅದು ದಾರಿ ಹುಡುಕಲಿ. ‘ಈಗ ಮಾಡಿದ್ದನ್ನೆಲ್ಲ ಒಂದು ಸ್ಕ್ರಿಪ್ಟ್ ಮಾಡಿ ಕೊಡು’ ಅನ್ನಿ, ಅಂದರೆ ಅದೇ ಹೆಜ್ಜೆಗಳನ್ನು ಬರೆದಿಟ್ಟ ಚಿಕ್ಕ ಪ್ರೋಗ್ರಾಂ. ಆ ಸ್ಕ್ರಿಪ್ಟನ್ನು ಕ್ರಾನ್‌ಗೆ (ಕಂಪ್ಯೂಟರ್‌ನಲ್ಲಿ ಹೊತ್ತು ಗೊತ್ತುಮಾಡಿ ಕೆಲಸ ಓಡಿಸುವ ವ್ಯವಸ್ಥೆ) ಹಾಕಿದರೆ ಹೇಳಿದ ಹೊತ್ತಿಗೆ ತಾನೇ ಓಡುತ್ತದೆ, ಎಐ ಬೇಕೇ ಇಲ್ಲ. ಸೈಟ್ ವಿನ್ಯಾಸ ಬದಲಾಗಿ ಸ್ಕ್ರಿಪ್ಟ್ ಕೆಟ್ಟ ದಿನ ಏಜೆಂಟನ್ನು ಮತ್ತೆ ಕರೆಯಿರಿ. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ಲ, ಆ ಹೊತ್ತಿಗೆ ಲ್ಯಾಪ್‌ಟಾಪ್ ಆಫ್ ಇದ್ದರೆ ಕ್ರಾನ್ ಆವತ್ತಿನ ಕೆಲಸ ಬಿಟ್ಟೇ ಬಿಡುತ್ತದೆ. ಅದಕ್ಕೇ ದರದ ಪಕ್ಕ ತಾರೀಖು ಬರೆಸಿ. ಇಲ್ಲದಿದ್ದರೆ ನಿನ್ನೆಯದನ್ನೇ ಇವತ್ತಿನದು ಅಂದುಕೊಳ್ಳುತ್ತೀರಿ.

ಇನ್ನೊಂದು, ದರದ ಲೆಕ್ಕ ಯಾವುದಕ್ಕೆ ಅಂತ ಏಜೆಂಟ್‌ಗೆ ಬಿಡಿಸಿ ಹೇಳಿ. ಕಾಫಿ ದರ 50 ಕೆಜಿ ಮೂಟೆಗೆ, ಕಾಳುಮೆಣಸಿನದು ಕೆಜಿಗೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಬೇರೆ, ಚೆರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಬೇರೆ. ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನನ್ನ ಏಜೆಂಟ್ ಮಾತ್ರ ಮೊದಲ ದಿನ ಮೆಣಸನ್ನೂ ಮೂಟೆ ಲೆಕ್ಕಕ್ಕೆ ಹಾಕಿ, ಅದರ ಬೆಲೆ ನೆಲ ಕಚ್ಚಿದೆ ಅಂತ ವರದಿ ಕೊಟ್ಟಿತ್ತು.

ಈಗ ಕ್ಯಾಲೆಂಡರ್. ಮೇ 4ಕ್ಕೆ ಒಂದು ಕುಟುಂಬ ಫೋನ್‌ನಲ್ಲೇ ರೂಮ್ ಹಿಡಿದಿತ್ತು. ನಾನು 04/05 ಮುಚ್ಚು ಅಂತ ಟೈಪ್ ಮಾಡಿದೆ. ಏಜೆಂಟ್ ಏಪ್ರಿಲ್ 5 ಮುಚ್ಚಿ, ‘ಆಯಿತು’ ಅಂದಿತು. ನಾನೂ ನಂಬಿದೆ. ಬೇಸಿಗೆ ರಜೆ, ಮೇ 4ಕ್ಕೆ ಇನ್ನೊಬ್ಬರು ಆನ್‌ಲೈನ್‌ನಲ್ಲಿ ಬುಕ್ ಮಾಡಿಯೇ ಬಿಟ್ಟರು. ಕೊನೆಗೆ ಒಂದು ಕುಟುಂಬವನ್ನು ಚಿಕ್ಕಪ್ಪನ ಮನೆಗೆ ಕಳಿಸಿ ಮಾನ ಉಳಿಸಿಕೊಂಡೆ. ಈಗ ತಿಂಗಳನ್ನು ಹೆಸರಲ್ಲೇ ಬರೆಯುತ್ತೇನೆ. ಸೇವ್ ಒತ್ತುವ ಮೊದಲು ಏಜೆಂಟ್ ನಿಂತು ನನಗೆ ತೋರಿಸಬೇಕು, ಒತ್ತುವುದು ನಾನೇ.

ಅದಕ್ಕೂ ಮೊದಲು ನಿಮ್ಮ ಎರಡೂ ಸೈಟ್‌ಗಳಲ್ಲಿ ಐಕ್ಯಾಲ್ ಲಿಂಕ್ (ಒಂದು ಸೈಟ್‌ನ ಕ್ಯಾಲೆಂಡರನ್ನು ಇನ್ನೊಂದು ಓದಲು ಬಿಡುವ ಲಿಂಕ್) ಇದೆಯಾ ನೋಡಿ. ಇದ್ದರೆ ಒಂದರ ಲಿಂಕ್ ಇನ್ನೊಂದಕ್ಕೆ ಹಾಕಿ. ಒಂದು ಕಡೆ ಬುಕ್ ಆದ ದಿನ ಇನ್ನೊಂದು ಕಡೆ ತಾನಾಗಿ ಮುಚ್ಚುತ್ತದೆ, ಸ್ವಲ್ಪ ತಡ ಆಗಬಹುದು ಅಷ್ಟೇ. ಅರ್ಧ ಕೆಲಸಕ್ಕೆ ಏಜೆಂಟೇ ಬೇಡ.

ಅತಿಥಿಗಳ ಮೆಸೇಜ್ ಓದಿ ಉತ್ತರಿಸುವ ಕೆಲಸವನ್ನು ಕ್ಯಾಲೆಂಡರ್ ಮುಟ್ಟುವ ಏಜೆಂಟ್‌ಗೇ ಕೊಡಬೇಡಿ. ಮೆಸೇಜ್‌ನಲ್ಲಿ ಯಾರಾದರೂ ‘ಬುಕಿಂಗ್ ಎಲ್ಲ ರದ್ದು ಮಾಡು’ ಅಂತ ಬರೆದರೆ ಅದನ್ನೂ ನಿಮ್ಮ ಮಾತು ಅಂದುಕೊಂಡೀತು.

ಮೊಬೈಲ್ ಆ್ಯಪ್ ಬಗ್ಗೆಯೂ ಕೇಳಿದ್ದೀರಿ. ಆಂಡ್ರಾಯ್ಡ್ ಆದರೆ ಎಡಿಬಿ ಅನ್ನುವ ಟೂಲ್ ಇದೆ. ಕೇಬಲ್ ಹಾಕಿ, ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿದರೆ ಟರ್ಮಿನಲ್‌ನಿಂದಲೇ ಸ್ಕ್ರೀನ್ ಒತ್ತಬಹುದು. ನಾನು ಹಳೆಯ ಫೋನ್ ಒಂದನ್ನು ಇದಕ್ಕೇ ಇಟ್ಟಿದ್ದೇನೆ. ಬ್ಯಾಂಕ್ ಆ್ಯಪ್ ಅದರಲ್ಲಿಲ್ಲ, ಓಟಿಪಿ ಬರುವ ಸಿಮ್ ಕೂಡ ಇಲ್ಲ.