ಅಪ್ಪನ ಟೈಪ್‌ರೈಟರ್‌ ಅನ್ನು ಗುಜರಿಗೆ ಹಾಕಬೇಡಿ

(ದಾವಣಗೆರೆಯಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿ, ಈಗ ಹಳೆ ಮೆಷಿನ್‌ಗಳನ್ನು ಹುಡುಕಿ ತಂದು, ಸರಿಮಾಡಿ, ಬೇಕಾದವರಿಗೆ ಕೊಡುವ ನಮ್ಮ ಟೀಚರ್ ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಮ್ಮ ತಂದೆ ಕೋರ್ಟಿನ ಮುಂದೆ ಕೂತು ಟೈಪ್ ಮಾಡುತ್ತಿದ್ದರು. ಅವರ ರೆಮಿಂಗ್ಟನ್ ಮೆಷಿನ್ ಅಟ್ಟದ ಮೇಲಿದೆ. ಕೀ ಒತ್ತಿದರೆ ಅಕ್ಷರ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಮನೆಯವರು ಕೊಟ್ಟುಬಿಡಿ ಎನ್ನುತ್ತಾರೆ. ಸರಿಹೋಗುತ್ತದಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೊಡಬೇಡಿ. ಖಂಡಿತ ಸರಿಹೋಗುತ್ತದೆ. ನೀವು ಹೇಳಿದ ತೊಂದರೆ ಹತ್ತರಲ್ಲಿ ಎಂಟು ಮೆಷಿನ್‌ಗಳಿಗೆ ಇರುವಂಥದ್ದೇ. ಅದು ಮುರಿದಿಲ್ಲ, ಬರೀ ಅಂಟಿಕೊಂಡಿದೆ.

ಮೊದಲು ಇಬ್ಬರು ಸೇರಿ ಕೆಳಗಿಳಿಸಿ. ಆಫೀಸ್ ಮೆಷಿನ್ ತುಂಬಾ ಭಾರ. ಮೈಯನ್ನು ಹಿಡಿದು ಎತ್ತಿ, ಹಾಳೆ ಹಿಡಿದು ಅತ್ತಿತ್ತ ಸರಿಯುವ ಮೇಲಿನ ಭಾಗ, ಅಂದರೆ ಕ್ಯಾರೇಜ್ ಹಿಡಿದು ಎತ್ತಬೇಡಿ. ಬೆಳಕಿರುವ ಕಡೆ ಇಟ್ಟು ಒಳಗೆ ನೋಡಿ. ಅಕ್ಷರದ ಕಡ್ಡಿಗಳೆಲ್ಲ ಅರ್ಧ ಚಂದ್ರಾಕಾರದ ಒಂದು ಕಬ್ಬಿಣದ ತುಂಡಿನ ಸೀಳುಗಳಲ್ಲಿ ಕೂತಿರುತ್ತವೆ. ಅದಕ್ಕೆ ಸೆಗ್ಮೆಂಟ್ ಎನ್ನುತ್ತೇವೆ. ಎಷ್ಟೋ ವರ್ಷದ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಆ ಸೀಳುಗಳಲ್ಲಿ ಸೇರಿ ಹಲಸಿನ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಪೇಂಟ್ ಅಂಗಡಿಯಿಂದ ಒಂದು ಸಣ್ಣ ಬಾಟಲಿ ಟರ್ಪೆಂಟೈನ್ ತನ್ನಿ. ಹಳೆ ಟೂತ್‌ಬ್ರಶ್ ಅದ್ದಿ ಸೀಳುಗಳನ್ನು ಉಜ್ಜಿ. ಒಂದೊಂದೇ ಕೀ ಒತ್ತಿ ಬಿಡಿ, ಮತ್ತೆ ಉಜ್ಜಿ. ಅಂಗಳದಲ್ಲಿ ಕೂತು ಮಾಡಿ, ಹತ್ತಿರ ಬೆಂಕಿ ಇರಬಾರದು. ಒಂದು ದಿನಕ್ಕೆ ಆಗದಿದ್ದರೆ ಮರುದಿನ ಮತ್ತೆ ಮಾಡಿ. ಕಡ್ಡಿ ತಾನಾಗಿ ಧಪ್ಪನೆ ಕೆಳಗೆ ಬೀಳಲು ಶುರುವಾದಾಗ ನಿಮಗೇ ಗೊತ್ತಾಗುತ್ತದೆ.

ಸೆಗ್ಮೆಂಟಿಗೆ ಎಣ್ಣೆ ಮಾತ್ರ ಬಿಡಲೇಬೇಡಿ. ಕೊಬ್ಬರಿ ಎಣ್ಣೆಯೂ ಬೇಡ, ಹೊಲಿಗೆ ಮೆಷಿನ್ ಎಣ್ಣೆಯೂ ಬೇಡ. ಅವತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ಮೊದಲಿಗಿಂತ ಜಾಸ್ತಿ ಅಂಟಿಕೊಳ್ಳುತ್ತದೆ. ಮೆಷಿನ್ ಮೇಲಿನ ಚಿನ್ನದ ಬಣ್ಣದ ಹೆಸರಿಗೂ ಟರ್ಪೆಂಟೈನ್ ತಾಗಿಸಬೇಡಿ, ಅಳಿಸಿಹೋಗುತ್ತದೆ. ಇಂಗ್ಲಿಷಿನ ಇ, ಎ, ಓ ಅಕ್ಷರಗಳ ಹೊಟ್ಟೆಯಲ್ಲಿ ಇಂಕ್ ಗಟ್ಟಿಯಾಗಿದ್ದರೆ ಗುಂಡುಪಿನ್ನಿನಿಂದ ಮೆತ್ತಗೆ ತೆಗೆಯಿರಿ.

ಇನ್ನೊಂದು ವಿಷಯ. ಸ್ಪೇಸ್ ಬಾರ್ ನೋಡಿ. ಒಂದು ಕಡೆ ಮಾತ್ರ ನುಣುಪಾಗಿ ಸವೆದಿರುತ್ತದೆ. ಅಲ್ಲಿ ನಿಮ್ಮ ತಂದೆಯವರ ಹೆಬ್ಬೆರಳು ಬೀಳುತ್ತಿತ್ತು. ಸೇಲ್ ಡೀಡು, ಅಫಿಡವಿಟ್ಟು, ವಕಾಲತ್ತು ಅಂತ ದಿನವಿಡೀ ಹೊಡೆದ ಗುರುತು ಅದು. ಪಾಲಿಶ್ ಹಾಕಿ ಅದನ್ನು ಅಳಿಸಬೇಡಿ. ಯಾವ ಗುಜರಿಯವನೂ ಅದಕ್ಕೆ ಬೆಲೆ ಕಟ್ಟಲಾರ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಒಂದು ಟೈಪ್‌ರೈಟರ್ ಕೊಳ್ಳುವ ಆಸೆ. ಯಾವ ಕಂಪನಿಯದು ತಗೊಳ್ಳಲಿ? ಏನು ನೋಡಿ ತಗೊಳ್ಳಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ವಯಸ್ಸಿನವರು ಇದನ್ನು ಕೇಳಿದರೆ ನನಗೆ ಎಷ್ಟು ಖುಷಿ ಗೊತ್ತಾ! ರೂಮಿನಲ್ಲಿ ಜಾಗ ಇದ್ದರೆ ಗೋದ್ರೆಜ್ ತಗೊಳ್ಳಿ. 1955ರಲ್ಲಿ ನಮ್ಮ ದೇಶದಲ್ಲೇ ಟೈಪ್‌ರೈಟರ್ ತಯಾರಿಸಿದ ಕಂಪನಿ ಅದು. 2009ರವರೆಗೂ ಮಾಡುತ್ತಿದ್ದರು. ಹಾಗಾಗಿ ಬಿಡಿಭಾಗಗಳಿಗೆ ಇನ್ನೊಂದು ಹಳೆ ಮೆಷಿನ್ ಸಿಗುವುದು ಕಷ್ಟವಲ್ಲ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಹಾಲ್ಡಾ, ಫೆಸಿಟ್ ಕೂಡ ಗಟ್ಟಿ ಮೆಷಿನ್‌ಗಳು. ಹಾಸ್ಟೆಲಿನ ಹುಡುಗರಾದರೆ ಪೋರ್ಟಬಲ್ ಹುಡುಕಿ. ಒಲಿವೆಟ್ಟಿ ಕಂಪನಿಯ ಲೆಟೆರಾ 22 ಸಿಕ್ಕರೆ ಬಿಡಬೇಡಿ. 1950ರಲ್ಲಿ ಬಂದದ್ದು, ಮಾರ್ಚೆಲ್ಲೊ ನಿಟ್ಸೋಲಿ ಅನ್ನುವವರ ವಿನ್ಯಾಸ. ಅಷ್ಟು ತೆಳ್ಳಗಿನ ಮೆಷಿನ್ ಇಷ್ಟು ಚೆನ್ನಾಗಿ ಹೊಡೆಯುತ್ತದಲ್ಲ ಅಂತ ನನಗೆ ಇವತ್ತಿಗೂ ಬೆರಗು.

ಬೆಂಗಳೂರಿನ ಸಂಡೇ ಬಜಾರಿನಲ್ಲಾಗಲಿ, ನಿಮ್ಮೂರಿನ ಗುಜರಿಯಲ್ಲಾಗಲಿ, ಒಂದು ಹಾಳೆ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಹಾಳೆ ಹಾಕಿ, ಇನ್‌ಸ್ಟಿಟ್ಯೂಟಿನ ಮೊದಲ ಪಾಠವನ್ನೇ ಹೊಡೆಯಿರಿ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಹೆಚ್ ಜೆ. ಆಮೇಲೆ ಉಳಿದ ಅಕ್ಷರ. ಒಂದೊಂದು ಏಟಿಗೂ ಕ್ಯಾರೇಜ್ ಎಡಕ್ಕೆ ಸರಿಯಬೇಕು. ಸರಿಯದಿದ್ದರೆ ಅದನ್ನು ಎಳೆಯುವ ಪಟ್ಟಿ ಕಿತ್ತುಹೋಗಿರಬಹುದು. ಅದನ್ನು ಕಟ್ಟಬಹುದು, ಆದರೆ ಆ ಕೆಲಸ ಗೊತ್ತಿರುವ ಮೆಕ್ಯಾನಿಕ್ ಬೇಕು. ಸಾಲಿನ ಕೊನೆಗೆ ಗಂಟೆ ಹೊಡೆಯುತ್ತದಾ ಕೇಳಿಸಿಕೊಳ್ಳಿ. ಹಾಳೆ ಸುತ್ತುವ ರಬ್ಬರ್ ರೋಲರ್ ಮೇಲೆ ಉಗುರು ಊರಿ ನೋಡಿ. ಅದು ಕಲ್ಲಿನಷ್ಟು ಗಟ್ಟಿಯಾಗಿದ್ದರೆ ಎರಡು ಹಾಳೆ ಸೇರಿಸಿ ಹಾಕಿ ಟೈಪ್ ಮಾಡಬೇಕಾಗುತ್ತದೆ, ಅಷ್ಟೇ.

ಒಂದು ಅನ್ನುವ ಅಂಕಿಯ ಕೀ ಕಾಣದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಎಷ್ಟೋ ಹಳೆ ಮೆಷಿನ್‌ಗಳಲ್ಲಿ ಅದು ಇರುವುದೇ ಇಲ್ಲ. ಸಣ್ಣ ಎಲ್ ಅಕ್ಷರವನ್ನೇ ಒಂದು ಅಂತ ಹೊಡೆಯುತ್ತಿದ್ದೆವು. ಆಶ್ಚರ್ಯಸೂಚಕ ಚಿಹ್ನೆ ಬೇಕಾದರೆ ಅಪಾಸ್ಟ್ರಫಿ ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ, ಅದರ ಕೆಳಗೆ ಫುಲ್‌ಸ್ಟಾಪ್ ಕೂರಿಸುತ್ತಿದ್ದೆವು. ಹುಡುಗಿಯರು ಇದನ್ನು ಕಲಿತ ದಿನ ಪುಟ ತುಂಬ ಅದನ್ನೇ ಹೊಡೆಯುತ್ತಿದ್ದರು.

ಫಳಫಳ ಬಣ್ಣ ಬಳಿದು, ಆಂಟಿಕ್ ಅಂತ ಹೇಳಿ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ಮುಂದೆ ಹೋಗಿ. ಹೊಸ ಬಣ್ಣದ ಕೆಳಗೆ ತುಕ್ಕು ಇರುತ್ತದೆ.

ಪ್ರಶ್ನೆ: ಕನ್ನಡ ಟೈಪ್‌ರೈಟರ್ ಎಲ್ಲಾದರೂ ಸಿಗುತ್ತದಾ? ಕಲಿಯುವುದು ಕಷ್ಟವಾ?
– ಕನ್ನಡ ಮೇಷ್ಟ್ರೊಬ್ಬರು, ಉಡುಪಿ

ಉತ್ತರ: ಈ ಪ್ರಶ್ನೆಗೆ ಕಾಯುತ್ತಿದ್ದೆ ಸರ್. ಇಂಗ್ಲಿಷ್ ಮೆಷಿನ್ ಹತ್ತು ಸಿಕ್ಕರೆ ಕನ್ನಡದ್ದು ಒಂದು ಸಿಕ್ಕರೆ ಪುಣ್ಯ. ಅವು ಇದ್ದದ್ದೇ ಹೆಚ್ಚಾಗಿ ಸರ್ಕಾರಿ ಕಚೇರಿ ಮತ್ತು ಇನ್‌ಸ್ಟಿಟ್ಯೂಟುಗಳಲ್ಲಿ. ಕಂಪ್ಯೂಟರ್ ಬಂದಾಗ ರಾಶಿ ರಾಶಿ ಹರಾಜಾದವು.

ಕನ್ನಡದ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾವ್ ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಯೋಚಿಸಿ ನೋಡಿ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮಗೆ ಎಷ್ಟು ಸಾವಿರ ರೂಪಗಳು ಬೇಕು! ಮೆಷಿನ್‌ನಲ್ಲಿ ಇರುವುದು ಐವತ್ತರೊಳಗೆ ಕೀ, ಒಂದೊಂದಕ್ಕೆ ಎರಡೇ ಅಚ್ಚು. ಹಾಗಾಗಿ ಅಕ್ಷರವನ್ನು ಬಿಡಿಬಿಡಿಯಾಗಿ ಕಟ್ಟಬೇಕು. ತಲೆಕಟ್ಟು, ಗುಡಿಸು, ಕೊಂಬು ಒಂದೊಂದಾಗಿ ಬಂದು ಕೂರುತ್ತವೆ. ಕೆಲವು ಕೀ ಒತ್ತಿದರೆ ಅಚ್ಚು ಬೀಳುತ್ತದೆ, ಕ್ಯಾರೇಜ್ ಮಾತ್ರ ಕದಲುವುದಿಲ್ಲ. ಮುಂದಿನ ಏಟಿಗೆ ಇನ್ನೊಂದು ತುಂಡು ಅದೇ ಜಾಗಕ್ಕೆ ಬಂದು ಸೇರುತ್ತದೆ. ಮೊದಲ ತಿಂಗಳು ತಲೆ ಬಿಸಿಯಾಗುತ್ತದೆ, ಆಮೇಲೆ ಬೆರಳಿಗೇ ಕಾಗುಣಿತ ಬರುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಅಂತರ ಜಾಸ್ತಿ ಇಡಿ.

ನಿಮ್ಮೂರಿನಲ್ಲಿ ಮುಚ್ಚಿಹೋದ ಇನ್‌ಸ್ಟಿಟ್ಯೂಟ್ ಇದ್ದರೆ ಅದನ್ನು ನಡೆಸಿದವರ ಮನೆಗೆ ಹೋಗಿ ಕೇಳಿ. ಗುಜರಿಗಿಂತ ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ಶಾಲೆಗೆ ತಂದು ಮಕ್ಕಳ ಕೈಗೆ ಕೊಡಿ. ಕಾಗುಣಿತ ಕಲಿಸಲು ಇದಕ್ಕಿಂತ ಒಳ್ಳೆ ಸಾಧನ ನಾನು ಕಂಡಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಬೀರುವಿನ ತುಂಬ ಟೈಪ್‌ರೈಟರ್ ಜೋಡಿಸಿ ಬೀಗ ಹಾಕಿದ್ದಾರೆ. ಮೊಮ್ಮಗಳು ಮುಟ್ಟಿದರೂ ರೇಗುತ್ತಾರೆ. ಒಂದು ಮಾತು ಹೇಳಿ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದನ್ನು ಅವರಿಗೇ ಓದಿ ಹೇಳಿ, ಅಕ್ಕಾ.

ಸರ್, ಬೀಗ ತೆಗೆಯಿರಿ. ಓಡದ ಮೆಷಿನ್ ಬೇಗ ಅಂಟಿಕೊಳ್ಳುತ್ತದೆ. ದಿನವೂ ಹತ್ತು ಸಾಲು ಹೊಡೆಯುವ ಮಗುವಿಗಿಂತ ಒಳ್ಳೆ ಸರ್ವಿಸ್ ಇಲ್ಲ. ಮೊಮ್ಮಗಳು ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಕಡ್ಡಿಗಳು ಮೇಲೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತವೆ. ಬೆರಳಿನಿಂದ ಒಂದೊಂದೇ ಬಿಡಿಸಿದರೆ ಸರಿ. ಏನೂ ಮುರಿಯುವುದಿಲ್ಲ.

ಟಾಮ್ ಹ್ಯಾಂಕ್ಸ್ ಅನ್ನುವ ಹಾಲಿವುಡ್ ನಟ ಇದ್ದಾರಲ್ಲ, ಅವರದ್ದು ದೊಡ್ಡ ಸಂಗ್ರಹ. ಅವರು ಅದನ್ನು ಅಮೆರಿಕದ ಬೇರೆ ಬೇರೆ ಊರಿನ ಟೈಪ್‌ರೈಟರ್ ಅಂಗಡಿಗಳಿಗೆ, ಇಷ್ಟಪಡುವವರಿಗೆ ಹಂಚುತ್ತಾ ಬಂದಿದ್ದಾರೆ. ಅಲ್ಲಿ 2010ರ ಹೊತ್ತಿಗೆ ಟೈಪ್-ಇನ್ ಅನ್ನುವ ಕೂಟಗಳೂ ಶುರುವಾದವು. ತಮ್ಮ ತಮ್ಮ ಮೆಷಿನ್ ತಂದು, ಒಂದೇ ಮೇಜಿನ ಸುತ್ತ ಕೂತು ಕಾಗದ ಬರೆಯುತ್ತಾರೆ.

ನಾನು ಮಾಡುವುದೂ ಸಣ್ಣದಾಗಿ ಅದನ್ನೇ. ಭಾನುವಾರ ಸಂಜೆ ಜಗಲಿಯ ಮೇಲೆ ಗೋದ್ರೆಜ್ ಇಟ್ಟು ಪಕ್ಕದಲ್ಲಿ ಹಾಳೆ ಇಡುತ್ತೇನೆ. ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಮೊದಲು ಎಲ್ಲರೂ ತಮ್ಮ ಹೆಸರು ಹೊಡೆಯುತ್ತಾರೆ. ಆಮೇಲೆ ಅಮ್ಮನ ಹೆಸರು, ನಾಯಿಯ ಹೆಸರು. ಗಂಟೆ ಹೊಡೆದಾಗ ಒಟ್ಟಿಗೆ ಕೂಗುತ್ತಾರೆ. ಬೇಕು ಅಂದವರಿಗೆ ಮೆಷಿನ್ ಮನೆಗೂ ಕೊಡುತ್ತೇನೆ, ಒಂದೇ ಷರತ್ತಿನ ಮೇಲೆ: ಒಂದು ಕಾಗದ ಟೈಪ್ ಮಾಡಿ ಅಂಚೆಗೆ ಹಾಕಬೇಕು. ಯಾರಿಗಾದರೂ ಸರಿ. ನೀವೂ ಮೊಮ್ಮಗಳಿಗೆ ಆ ಷರತ್ತು ಹಾಕಿ ನೋಡಿ. ಮೊದಲ ಕಾಗದ ತಾತನಿಗೇ ಬರುತ್ತದೆ, ಅಲ್ವಾ?

ಪ್ರಶ್ನೆ: ಟೈಪ್‌ರೈಟರಿನ ಇಂಕ್ ರಿಬ್ಬನ್ ಈಗಲೂ ಸಿಗುತ್ತದಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸಿಗುತ್ತದೆ. ಹಳೆ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ, ಇಲ್ಲವಾದರೆ ಆನ್‌ಲೈನ್‌ನಲ್ಲಿ ತರಿಸಿ. ಹೆಚ್ಚಿನ ಮೆಷಿನ್‌ಗಳಿಗೆ ಅರ್ಧ ಇಂಚು ಅಗಲದ್ದೇ ಆಗುತ್ತದೆ. ಹೊಸ ರಿಬ್ಬನ್ ಸುತ್ತಿರುವ ಗಾಲಿ, ಅಂದರೆ ಸ್ಪೂಲ್, ನಿಮ್ಮ ಮೆಷಿನ್‌ಗೆ ಹೊಂದದಿದ್ದರೆ ರಿಬ್ಬನ್ ಬಿಚ್ಚಿ ಹಳೆ ಸ್ಪೂಲಿಗೇ ಸುತ್ತಿಕೊಳ್ಳಿ. ಅದಕ್ಕೇ ಹಳೆ ಸ್ಪೂಲ್ ಎಸೆಯಬಾರದು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಇಂಕ್ ಬೇಗ ಹೋಗುವುದಿಲ್ಲ.