ಕಾಡಿನಂಥ ಹಿತ್ತಲಿಗೆ ಯಾವ ರೈಡಿಂಗ್ ಮೋವರ್? ಮೊದಲು ಬೊಡ್ಡೆ ಎಣಿಸಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಎರಡೂವರೆ ಎಕರೆ, ಮುಕ್ಕಾಲು ಪಾಲು ಮರ, ಬೇರು, ಕಲ್ಲು, ಇಳಿಜಾರು. ಹದಿನೈದು ವರ್ಷ ಬಾಳಿಕೆ ಬರುವ ರೈಡಿಂಗ್ ಮೋವರ್ (ಹತ್ತಿ ಕೂತು ಓಡಿಸುವ ಹುಲ್ಲು ಕತ್ತರಿಸೋ ಮಷೀನ್) ಯಾವುದು, ನಿಂತಲ್ಲೇ ಸುತ್ತು ತಿರುಗುವ ಝೀರೋ ಟರ್ನ್ ಆಗಬಹುದಾ ಅಂತ ಕೇಳಿದ್ದೀರಿ. 2017ರ ಮಾರ್ಚ್‌ನಲ್ಲಿ ಅಂಗಡಿಯವನ ಮುಂದೆ ನಿಂತು ನಾನು ಕೇಳಿದ್ದೂ ಹೆಚ್ಚುಕಮ್ಮಿ ಇದೇ.

ನಾನಿರುವುದು ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಊರಿನ ಹೊರಗೆ. ಹುಟ್ಟಿದ್ದು ಸಾಗರದ ಕಡೆ. ಇಲ್ಲಿಯ ಮಣ್ಣೂ ನಮ್ಮೂರಿನ ಹಾಗೇ ಕೆಂಪು. ಮಳೆ ಬಂದರೆ ಜಾರಿಕೆ, ಒಣಗಿದರೆ ಇಟ್ಟಿಗೆ. ಮನೆಯ ಹಿಂದೆ ಎರಡು ಎಕರೆ ಇದೆ. ಅರ್ಧ ಎಕರೆ ಹುಲ್ಲು, ಉಳಿದದ್ದು ಪೈನ್ ಮತ್ತು ಸ್ವೀಟ್‌ಗಮ್ ಮರ. ಹಳೇ ಮಾಲೀಕರು ಸುಮಾರು ಸ್ವೀಟ್‌ಗಮ್ ಕಡಿಸಿ, ಬೊಡ್ಡೆಗಳನ್ನು ಹಾಗೇ ಬಿಟ್ಟು ಹೋಗಿದ್ದರು. ಅದೊಂದು ಹಟಮಾರಿ ಮರ, ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಮೇ ತಿಂಗಳ ಹೊತ್ತಿಗೆ ಚಿಗುರು, ಹುಲ್ಲು, ಮುಳ್ಳುಬಳ್ಳಿ ಎಲ್ಲ ಸೇರಿಕೊಂಡರೆ ಬೊಡ್ಡೆ ಎಲ್ಲಿದೆ ಅಂತ ದೇವರಿಗೇ ಗೊತ್ತು.

ಅಂಗಡಿಯಲ್ಲಿ ನಾನು ನೋಡಿದ್ದು ಎರಡೇ ವಿಷಯ. ಎಷ್ಟು ಎಚ್‌ಪಿ, ಎಷ್ಟು ಅಗಲ. 22 ಎಚ್‌ಪಿ, 46 ಇಂಚಿನ ಡೆಕ್ (ಬ್ಲೇಡುಗಳನ್ನು ಮುಚ್ಚಿಕೊಂಡಿರುವ ಕೆಳಗಿನ ತಗಡಿನ ಕವಚ), 2,100 ಡಾಲರ್. ಮನೆಗೆ ತಂದ ದಿನ ಫೋಟೋ ತೆಗೆದು ಊರಿಗೂ ಕಳಿಸಿದ್ದೆ. ‘ಟ್ರ್ಯಾಕ್ಟರ್ ತಗೊಂಡೆಯಾ? ಎಷ್ಟು ಎಕರೆ ಗದ್ದೆ ಮಾಡ್ತೀಯಾ?’ ಅಂತ ಚಿಕ್ಕಪ್ಪ ಕೇಳಿದರು.

ಜೂನ್‌ನ ಒಂದು ಶನಿವಾರ. ಡೆಕ್ಕಿನ ಎತ್ತರ ಮೂರೂವರೆ ಇಂಚಿಗೆ ಇಟ್ಟಿದ್ದೆ. ಬೊಡ್ಡೆ ಇದ್ದದ್ದು ಅರ್ಧ ಗೇಣು. ಢಣ್ ಅಂತ ಒಂದು ಸದ್ದು, ಸೀಟು ಒದೆದಂತಾಯಿತು, ಇಂಜಿನ್ ನಿಂತಿತು. ಬ್ಲೇಡಿನ ತುದಿ ಗಂಟೆಗೆ ಹತ್ತಿರ ಹತ್ತಿರ 300 ಕಿಲೋಮೀಟರ್ ವೇಗದಲ್ಲಿ ತಿರುಗುತ್ತಿರುತ್ತದೆ. ಅದು ಒಂದೇ ಏಟಿಗೆ ನಿಂತರೆ ಆ ರಭಸವೆಲ್ಲ ಎಲ್ಲಿಗಾದರೂ ಹೋಗಲೇಬೇಕಲ್ಲ? ಎಲ್ಲಿಗೆ ಹೋಯಿತು ಅಂತ ನಾನು ನೋಡಲಿಲ್ಲ. ನನ್ನ ತಪ್ಪು ಇದೇ. ಬೊಡ್ಡೆಗೆ ಹೊಡೆದದ್ದಲ್ಲ, ಅದು ಎಲ್ಲರಿಗೂ ಆಗುತ್ತದೆ.

ಬ್ಲೇಡ್ ಬಿಚ್ಚಿ ನೋಡಿದೆ. ಬಾಗಿತ್ತು. ಹೊಸದು ತಂದು ಹಾಕಿದೆ, 20 ಡಾಲರ್ ಚಿಲ್ಲರೆ. ಸ್ಟಾರ್ಟ್ ಮಾಡಿದೆ, ಓಡಿತು. ಕೆಲಸ ಮುಗಿಯಿತು ಅಂದುಕೊಂಡೆ. ಡೆಕ್ ಅಂದರೆ ಏನು, ಕವುಚಿ ಹಾಕಿದ ತಗಡಿನ ಕೊಪ್ಪರಿಗೆ. ಅದಕ್ಕೆ ತೂತು ಕೊರೆದು ಬ್ಲೇಡಿಗೊಂದರಂತೆ ಗೂಡು ಬೋಲ್ಟ್ ಮಾಡಿರುತ್ತಾರೆ. ಆ ಗೂಡಿನೊಳಗೆ ಎರಡು ಬೇರಿಂಗ್, ಅವುಗಳ ನಡುವೆ ಒಂದು ಉಕ್ಕಿನ ದಂಡ. ಈ ಪೂರ್ತಿ ಜೋಡಣೆಯೇ ಸ್ಪಿಂಡಲ್. ಬ್ಲೇಡ್ ಕೂರುವುದು ದಂಡದ ಕೆಳಗಿನ ತುದಿಗೆ. ಏಟು ಬಿದ್ದಾಗ ಬ್ಲೇಡ್ ಜೊತೆ ದಂಡವೂ ಕೂದಲೆಳೆಯಷ್ಟು ಬಾಗಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಬ್ಲೇಡ್ ಹೊಸದು, ದಂಡ ಸೊಟ್ಟ. ಪಾದದ ಕೆಳಗೆ ಸಣ್ಣ ನಡುಕ ಬರುತ್ತಿತ್ತು. ಕತ್ತರಿಸಿದ ಹುಲ್ಲು ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ನೆಲವೇ ಏರುತಗ್ಗು, ಅದಕ್ಕೆ ಹೀಗೆ ಅಂತ ನನಗೆ ನಾನೇ ಹೇಳಿಕೊಂಡು ಆ ಬೇಸಿಗೆ ಪೂರ್ತಿ ಓಡಿಸಿದೆ.

ಮುಂದಿನ ವರ್ಷ ಬೇರಿಂಗ್ ಕಿರುಚತೊಡಗಿತು. ಬೆಲ್ಟ್ ಒಂದು ಕಡೆ ಸವೆದು ಹರಿಯಿತು. ಹೊಸ ಬೆಲ್ಟ್ ಹಾಕಿದೆ. ಜುಲೈನಲ್ಲಿ ಡೆಕ್ ಇಳಿಸಿ, ಒಣಗಿ ಅಂಟಿದ ಹುಲ್ಲು ಕೆರೆದಾಗ ಕಂಡಿತು. ಸ್ಪಿಂಡಲ್ ಗೂಡಿನ ಎರಡು ಬೋಲ್ಟುಗಳ ಸುತ್ತ ತಗಡು ಬಿರುಕು ಬಿಟ್ಟಿತ್ತು. ಒಂದು ಬಿರುಕಿನಲ್ಲಿ ಉಗುರು ತೂರುತ್ತಿತ್ತು. ವೆಲ್ಡ್ ಮಾಡಿಸಿದೆ, ಎರಡು ತಿಂಗಳಿಗೆ ಪಕ್ಕದಲ್ಲಿ ಮತ್ತೆ ಬಿಟ್ಟಿತು. ಮೊದಲ ದಿನವೇ 70 ಡಾಲರ್ ಕೊಟ್ಟು ಸ್ಪಿಂಡಲ್ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಬೆಲ್ಟ್, ವೆಲ್ಡಿಂಗ್, ಕೊನೆಗೆ ಹೊಸ ಡೆಕ್ ಎಲ್ಲ ಸೇರಿ 900 ದಾಟಿತು.

ಆದ್ದರಿಂದ ಯಾವ ಮಷೀನ್ ತಗೊಂಡರೂ ಇದೊಂದು ಕಲಿತುಕೊಳ್ಳಿ. ಏನಕ್ಕಾದರೂ ಬಡಿದರೆ ಮಷೀನನ್ನು ಸಮ ನೆಲದಲ್ಲಿ ನಿಲ್ಲಿಸಿ, ಕೀ ತೆಗೆಯಿರಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಡೆಕ್ಕಿನ ಅಂಚಿನಲ್ಲಿ ಚಾಕ್‌ಪೀಸಿನಿಂದ ಒಂದು ಗುರುತು ಹಾಕಿ. ಬ್ಲೇಡಿನ ಒಂದು ತುದಿಯನ್ನು ಅಲ್ಲಿಗೆ ತಂದು ನೆಲದಿಂದ ಎತ್ತರ ಅಳೆಯಿರಿ. ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಗುರುತಿಗೆ ತಂದು ಅಳೆಯಿರಿ. ವ್ಯತ್ಯಾಸ 1/8 ಇಂಚಿಗಿಂತ ಜಾಸ್ತಿ ಇದ್ದರೆ ಬ್ಲೇಡೋ ದಂಡವೋ ಬಾಗಿದೆ. ಹೊಸ ಬ್ಲೇಡ್ ಹಾಕಿದ ಮೇಲೂ ವ್ಯತ್ಯಾಸ ಹಾಗೇ ಇದ್ದರೆ ಅದು ದಂಡದ್ದೇ. ಐದು ನಿಮಿಷದ ಕೆಲಸ, ನಾನು ಮಾಡಲಿಲ್ಲ.

ಆ ಜುಲೈನಲ್ಲಿ ಅಪ್ಪಯ್ಯ ಇಲ್ಲಿಗೆ ಬಂದಿದ್ದರು. ನಾನು ಡೆಕ್ ಮಗುಚಿಕೊಂಡು ಕೂತಿದ್ದು ನೋಡಿ ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಒಂದು ಕೋಲು, ಹಳೇ ಬಿಳಿ ಬನಿಯನ್ನಿನ ಚೂರುಗಳನ್ನು ಹಿಡಿದುಕೊಂಡು ಹಿತ್ತಲಿಗೆ ಇಳಿದರು. ಕೋಲಿನಲ್ಲಿ ಹುಲ್ಲು ಸರಿಸುತ್ತಾ, ತಟ್ಟುತ್ತಾ, ಸಾಲು ಹಿಡಿದು ನಡೆದರು. ಬೊಡ್ಡೆ ಸಿಕ್ಕಿದಲ್ಲೆಲ್ಲ ಒಂದು ಗೂಟ, ಗೂಟಕ್ಕೊಂದು ಬನಿಯನ್ ಚೂರು. ಮಧ್ಯಾಹ್ನದ ಊಟದ ಹೊತ್ತಿಗೆ 31 ಆಗಿತ್ತು. ನನ್ನ ಲೆಕ್ಕದಲ್ಲಿ ಇದ್ದದ್ದು ಹತ್ತು. ಮೂವತ್ತೊಂದರಲ್ಲಿ ಹತ್ತೊಂಬತ್ತು ಇದ್ದದ್ದು ನಾನು ಮೋವರ್ ಓಡಿಸುತ್ತಿದ್ದ ಜಾಗದಲ್ಲೇ. ಸ್ಟಂಪ್ ಗ್ರೈಂಡರ್ ಬಾಡಿಗೆಗೆ ತಂದು ಒಂದು ವಾರಾಂತ್ಯದಲ್ಲಿ ಆ ಹತ್ತೊಂಬತ್ತನ್ನೂ ನೆಲದಿಂದ ಆರು ಇಂಚು ಕೆಳಗಿನ ತನಕ ಅರೆದು ಹಾಕಿದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡೂವರೆ ಎಕರೆ ಪೂರ್ತಿ ಯಾಕೆ ಕತ್ತರಿಸಬೇಕು? ಮರದ ಕೆಳಗೆ ಹುಲ್ಲು ಸರಿಯಾಗಿ ಬೆಳೆಯುವುದೇ ಇಲ್ಲ. ಅಲ್ಲಿ ಎಲೆ ಬಿದ್ದು ಕೊಳೆಯಲಿ ಬಿಡಿ, ಮರಕ್ಕೆ ಅದೇ ಗೊಬ್ಬರ. ಮನೆಯ ಸುತ್ತ ಮುಕ್ಕಾಲು ಎಕರೆ ಚೊಕ್ಕಟವಾಗಿ ಇಟ್ಟುಕೊಳ್ಳಿ. ಕಾಡಿನ ಅಂಚಿಗೆ ವರ್ಷಕ್ಕೆ ಎರಡು ಸಲ, ಹಿಂದೆ ನಡೆದುಕೊಂಡು ಓಡಿಸುವ ಬ್ರಷ್ ಮೋವರ್ ಬಾಡಿಗೆಗೆ ತನ್ನಿ. ಹೆಬ್ಬೆರಳು ಗಾತ್ರದ ಚಿಗುರು ಅದಕ್ಕೆ ಲೆಕ್ಕಕ್ಕೇ ಇಲ್ಲ. ರೈಡಿಂಗ್ ಮೋವರ್ ಹುಲ್ಲು ಕತ್ತರಿಸೋ ಮಷೀನ್, ಅದರ ಕೈಲಿ ಕಾಡು ಕಡಿಸಬೇಡಿ.

ಝೀರೋ ಟರ್ನ್ ಬೇಡವೇ ಬೇಡ. ಸಮತಟ್ಟು ಜಾಗದಲ್ಲಿ ಅದರಷ್ಟು ಚುರುಕಾದದ್ದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಎರಡು ಲಿವರ್ ಇರುವ ಮಾಡೆಲ್‌ಗಳಲ್ಲಿ ಮುಂದಿನ ಚಕ್ರ ಸುಮ್ನೆ ಉರುಳುತ್ತವೆ, ತಿರುಗಿಸುವುದೂ ತಡೆಯುವುದೂ ಹಿಂದಿನ ಚಕ್ರವೇ. ಒದ್ದೆ ಇಳಿಜಾರಿನಲ್ಲಿ ಅವು ಹಿಡಿತ ಬಿಟ್ಟರೆ ಸ್ಟೀರಿಂಗೂ ಹೋಯಿತು, ಬ್ರೇಕೂ ಹೋಯಿತು. ಯಾವ ರೈಡಿಂಗ್ ಮೋವರ್ ಆದರೂ 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಒಯ್ಯಬೇಡಿ. ಅಂದರೆ ಹತ್ತು ಅಡಿಗೆ ಎರಡೂಮುಕ್ಕಾಲು ಅಡಿಗಿಂತ ತುಸು ಕಡಿಮೆ ಏರು. ಟ್ರ್ಯಾಕ್ಟರ್ ಥರದ್ದಾದರೆ ಮೇಲೆ ಕೆಳಗೆ ಓಡಿಸಿ, ಅಡ್ಡಡ್ಡ ಬೇಡ.

ತಗೊಳ್ಳಲೇಬೇಕು ಅಂದರೆ ಹೊಸ ಹಗುರದ್ದಕ್ಕಿಂತ ಹಳೇ ಭಾರದ್ದು ವಾಸಿ. 2019ರಲ್ಲಿ ನಾನು 300 ಗಂಟೆ ಓಡಿದ್ದ ಗಾರ್ಡನ್ ಟ್ರ್ಯಾಕ್ಟರ್ ತಗೊಂಡೆ, ಇವತ್ತಿಗೂ ಅದೇ ಇದೆ. ನೋಡಬೇಕಾದ್ದು ಎಚ್‌ಪಿ ಅಲ್ಲ, ತಗಡಿನ ದಪ್ಪ. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ದಪ್ಪ ಜಾಸ್ತಿ. 13 ಗೇಜ್ ಅಂದರೆ ಎರಡೂಕಾಲು ಮಿಲಿಮೀಟರ್, 10 ಗೇಜ್ ಅಂದರೆ ಮೂರು ಮಿಲಿಮೀಟರ್ ಮೇಲೆ, 7 ಗೇಜ್ ಅಂದರೆ ನಾಲ್ಕೂವರೆ. ಒತ್ತಿ ಮಾಡಿದ ಡೆಕ್‌ಗಿಂತ ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿದ್ದು ಒಳ್ಳೆಯದು. ಸ್ಪಿಂಡಲ್ ಗೂಡು ಎರಕದ ಕಬ್ಬಿಣದ್ದಾದರೆ ಕಣ್ಣು ಮುಚ್ಚಿ ತಗೊಳ್ಳಿ. ಅಗಲ 42ರಿಂದ 48 ಇಂಚು ಸಾಕು. 54 ಇಂಚಿನದು ಮರಗಳ ನಡುವೆ ತೂರುವುದಿಲ್ಲ, ದಿಬ್ಬದ ನೆತ್ತಿ ಬೋಳಿಸಿಬಿಡುತ್ತದೆ. ಹಿಂದಿನ ಎರಡು ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಇದ್ದರೆ ಕೆಂಪು ಮಣ್ಣಿನಲ್ಲಿ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಇನ್ನೊಂದು, ನೀವು ಕೇಳಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನೆಲದಲ್ಲಿ ತೂತು ಕಂಡರೆ, ಅಲ್ಲಿ ಹಳದಿ ಕಣಜ ಓಡಾಡುತ್ತಿದ್ದರೆ, ಆ ಕಡೆ ಹೋಗಲೇಬೇಡಿ. ನಾನೊಮ್ಮೆ ಗೂಡಿನ ಮೇಲೇ ಓಡಿಸಿದ್ದೆ. ಸೀಟಿನಿಂದ ಹಾರಿದ ತಕ್ಷಣ ಇಂಜಿನ್ ತಾನಾಗೇ ಆಫ್ ಆಯಿತು, ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಅದನ್ನು ಯಾವತ್ತೂ ಕಿತ್ತು ಹಾಕಬೇಡಿ. ಮಷೀನು ಎರಡು ದಿನ ಅಲ್ಲೇ ನಿಂತಿತ್ತು, ತರಲು ಧೈರ್ಯ ಬರಲಿಲ್ಲ.

ಚಳಿಗಾಲದಲ್ಲಿ ಹುಲ್ಲು ತಗ್ಗಿರುತ್ತದೆ, ಹಾವಿನ ಭಯವೂ ಕಡಿಮೆ. ಒಂದು ಕೋಲು ಹಿಡಿದು ಬೊಡ್ಡೆ ಎಣಿಸಿ ಬನ್ನಿ. ಸಂಖ್ಯೆ ಹೇಳಿ, ಆಮೇಲೆ ಮಷೀನಿನ ಮಾತಾಡೋಣ.