ಬರೆದಿಡದ ಗೆಲುವುಗಳು

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದ ಮೇಲೂ ಪೋಕರ್ ಎಂಬ ಇಸ್ಪೀಟಾಟ ಆಡಿ ಸಾಲಕ್ಕೆ ಸಿಕ್ಕಿಬಿದ್ದವರು ಆಪ್ತಸಲಹೆಗೆ ಬರುವುದು ನಿಂತಿಲ್ಲ. ಅವರಲ್ಲಿ ಹಲವರು ಲೆಕ್ಕವನ್ನು ಚೆನ್ನಾಗಿ ಬಲ್ಲವರು. ಆ ಕಾರಣಕ್ಕಾಗಿಯೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದವರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ, ವಿವಾಹಿತರು. ಆ್ಯಪ್‌ಗಳಲ್ಲಿ ಪಡೆದಿದ್ದ ಸಾಲ ಪತ್ನಿಗೆ ತಿಳಿದಿರಲಿಲ್ಲ. "ನನ್ನ ನಿರ್ಧಾರಗಳು ಸರಿಯಾಗಿಯೇ ಇವೆ ಮೇಡಂ, ಅದೃಷ್ಟ ಕೈಕೊಡುತ್ತಿದೆ" ಎಂಬ ಮಾತನ್ನು ಅವರು ಬಿಟ್ಟುಕೊಡುತ್ತಿರಲಿಲ್ಲ. ಅದನ್ನು ರುಜುವಾತುಪಡಿಸಲು ಒಂದು ಭೇಟಿಗೆ ನೋಟ್‌ಬುಕ್ ತಂದರು. ಸೋತ ಆಟಗಳ ದಿನಾಂಕ, ಎಲೆಗಳು, ಕಟ್ಟಿದ ಹಣ, ಗೆಲ್ಲುವ ಸಂಭವ ಎಲ್ಲವೂ ಅದರಲ್ಲಿದ್ದವು. ಒಂದು ಪುಟಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು. ಇವರ ಕೈಯಲ್ಲಿ ಎಕ್ಕದ ಜೋಡಿ, ಎದುರಾಳಿಯ ಕೈಯಲ್ಲಿ ರಾಜನ ಜೋಡಿ. ಇಬ್ಬರಿಗೂ ಸಲ್ಲುವ ಎಲೆಗಳಲ್ಲಿ ಒಂದೂ ಮೇಜಿನ ಮೇಲೆ ಬೀಳುವ ಮುನ್ನವೇ ಇಬ್ಬರೂ ಪೂರ್ತಿ ಹಣ ಇಟ್ಟಿದ್ದರು. ಇಂಥ ಸ್ಥಿತಿಯಲ್ಲಿ ಎಕ್ಕದ ಜೋಡಿ ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತದೆ. ಇವರು ಸೋತಿದ್ದರು. ನಿರ್ಧಾರ ಸರಿಯಾಗಿತ್ತೆಂದು ನಾನು ಒಪ್ಪಿಕೊಂಡೆ. ಬಳಿಕ ಕೇಳಿದೆ: "ನೀವೇ ರಾಜನ ಜೋಡಿ ಹಿಡಿದು ಎಕ್ಕದವರನ್ನು ಸೋಲಿಸಿದ ಆಟಗಳು ಯಾವ ಪುಟದಲ್ಲಿವೆ?"

ಅವರು ಬಹಳ ಹೊತ್ತು ಪುಟ ತಿರುವಿದರು. "ಅಂಥವೂ ಆಗಿವೆ. ಬರೆದಿಡಬೇಕು ಅಂತ ಅನಿಸಲೇ ಇಲ್ಲ," ಎಂದರು.

ಆ ಕೆಂಪು ಗೆರೆಯ ರಾತ್ರಿ ಮುಂದೇನಾಯಿತು ಎಂದು ಕೇಳಿದಾಗ ಮೊಬೈಲಿನಲ್ಲಿ ಬ್ಯಾಂಕ್ ಖಾತೆ ತೆರೆದು ತೋರಿಸಿದರು. ಬೆಳಗಿನ ಜಾವದವರೆಗೆ ಒಂದರ ಹಿಂದೊಂದು ಯುಪಿಐ ಪಾವತಿ, ಪ್ರತಿಯೊಂದೂ ಹಿಂದಿನದಕ್ಕಿಂತ ದೊಡ್ಡದು. ಆ ಆಟಗಳಲ್ಲಿ ಒಂದರ ಎಲೆಯೂ ಅವರ ನೆನಪಿನಲ್ಲಿರಲಿಲ್ಲ, ಒಂದೂ ನೋಟ್‌ಬುಕ್ಕಿಗೆ ಬಂದಿರಲಿಲ್ಲ. ಸೋಲಿನ ಕುದಿಯಲ್ಲಿ ವಿವೇಕ ತಪ್ಪಿ ಆಡುವ ಇದನ್ನು ಆಟಗಾರರು ಟಿಲ್ಟ್ ಎನ್ನುತ್ತಾರೆ. ನಷ್ಟದಲ್ಲಿರುವ ಮನುಷ್ಯ ಖಚಿತವಾದ ಸಣ್ಣ ನಷ್ಟವನ್ನು ಒಪ್ಪುವ ಬದಲು, ಅದನ್ನು ಅಳಿಸಿಹಾಕುವ ಆಸೆಯಿಂದ ದೊಡ್ಡ ಅಪಾಯಕ್ಕೆ ಕೈಹಾಕುವ ಪ್ರವೃತ್ತಿಯನ್ನು ಮನೋವಿಜ್ಞಾನಿಗಳಾದ ಕಾಹ್ನೆಮನ್ ಮತ್ತು ಟ್ವೆರ್‌ಸ್ಕಿ 1979ರಲ್ಲೇ ವಿವರಿಸಿದ್ದರು. ಇವರ ಸಾಲದ ಬಹುಪಾಲು ಹುಟ್ಟಿದ್ದು ಇಂಥ ರಾತ್ರಿಗಳಲ್ಲಿ, ಎಕ್ಕದ ಜೋಡಿಯ ಸೋಲಿನಲ್ಲಲ್ಲ.

ಆಟವನ್ನು ಪೂರ್ಣವಾಗಿ ನಿಲ್ಲಿಸಬೇಕು, ಸಾಲದ ಮೊತ್ತವನ್ನು ನನ್ನ ಎದುರಿನಲ್ಲಿ ಪತ್ನಿಗೆ ತಿಳಿಸಬೇಕು, ಕೆಲಕಾಲ ಖಾತೆಯ ನಿರ್ವಹಣೆಯನ್ನು ಅವರಿಗೆ ಬಿಡಬೇಕು, ಹಳೆಯ ಸಾಲ ತೀರಿಸಲೆಂದು ಹೊಸ ಸಾಲ ಮಾಡಬಾರದು ಎಂದು ಸಲಹೆ ನೀಡಿದೆ. ಪೋಕರ್‌ನಲ್ಲಿ ಕೌಶಲವಿದೆ ಎಂದು ಒಪ್ಪಿದ್ದೇ ತಪ್ಪೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನನಗೆ ಹಾಗನ್ನಿಸುವುದಿಲ್ಲ. ಎಲ್ಲವೂ ಅದೃಷ್ಟವೆಂದು ನಾನು ಹೇಳಿದ್ದರೆ ಆ ಉದ್ಯೋಗಿ ಒಂದೇ ಲೆಕ್ಕದಲ್ಲಿ ನನ್ನ ಮಾತನ್ನು ತಳ್ಳಿಹಾಕಿ, ಮತ್ತೆ ಬರುತ್ತಲೇ ಇರಲಿಲ್ಲ. ಇಂತಿಷ್ಟೇ ಆಡಿ ಎಂಬ ಮಿತಿಯನ್ನೂ ನಾನು ಹಾಕಲಿಲ್ಲ. ಹಗಲಿನಲ್ಲಿ ಒಪ್ಪಿದ ಮಿತಿಯನ್ನು ನಡುರಾತ್ರಿ ಸೋತು ಕೂತವರು ಕಾಯಬೇಕಾಗುತ್ತದೆ, ಅದು ಅವರಿಂದ ಆಗದೆಂದು ಆ ಪಾವತಿಗಳೇ ಹೇಳುತ್ತಿದ್ದವು.

ಸಾಲ ತೀರಿದ ಮೇಲೆ ಸ್ನೇಹಿತರೊಡನೆ ಸಣ್ಣ ಮೊತ್ತಕ್ಕೆ ಆಡಬಹುದೇ ಎಂದು ಅವರು ಈಚೆಗೆ ಕೇಳಿದರು. ಬೇಡವೆಂದೆ. ಅವರಿನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಪತ್ನಿಯೊಡನೆ ಭೇಟಿಗೆ ಬರುತ್ತಿದ್ದಾರೆ. ಇದೇ ಸ್ಥಿತಿಯಲ್ಲಿರುವ ಓದುಗರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.